ಲೋಷನ್ ಬಾಟಲಿಯ ಲೋಳೆ

ಕಂಪೌಂಡರ್ ಆದವನು ಮರ್ಯಾದೆ ಕಳೆದುಕೊಳ್ಳಲು ಎಲ್ಲಿಗೂ ಹೋಗಬೇಕಿಲ್ಲ, ಇದ್ದಲ್ಲೇ ಆಗುತ್ತದೆ. ಎಪ್ಪತ್ತರ ದಶಕದಲ್ಲಿ ಹೊಳಲ್ಕೆರೆ ಕಡೆಯ ಸಣ್ಣ ಆಸ್ಪತ್ರೆಯಲ್ಲಿ ಒಬ್ಬನೇ ರೋಗಿ ನನ್ನ ಮಾನವನ್ನು ಮೂರು ಸಲ ಕಳೆದ. ತಪ್ಪು ಅವನದಲ್ಲ.

ನಂಜು

ಬಿ.ದುರ್ಗದ ಕುರಿಗಾರನ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿ ಕೀವಾಗಿತ್ತು. ಪೆನ್ಸಿಲಿನ್ ಚುಚ್ಚಿದಷ್ಟು ದಿನ ಗಾಯ ಆರುತ್ತಿತ್ತು, ನಿಲ್ಲಿಸಿದರೆ ಮತ್ತೆ ಕೀವು. "ಬದನೆಕಾಯಿ ತಿಂದು ನಂಜು ಮಾಡ್ಕಂಡಿದೀಯ" ಎಂದು ರೇಗಿದೆ.

"ಬಿಟ್ಟು ತಿಂಗಳಾತು ಸ್ವಾಮಿ. ಕುರಿಗಳ್ನೂ ಬದ್ನೆ ಹೊಲಕ್ಕೆ ಬಿಡ್ತಿಲ್ಲ" ಎಂದ.

ಮುಳ್ಳು

ಮುಂದಿನ ಸಲ ಹೆಂಡತಿಯೂ ಬಂದಳು. ನಾನು ಸಿರಿಂಜ್ ಕುದಿಸುತ್ತಿದ್ದಾಗ ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಮುಳ್ಳು ಕೀಳುವ ಚಿಮಟ ತೆಗೆದು, ಗಾಯದೊಳಗಿಂದ ಮುರಿದ ಮುಳ್ಳಿನ ತುದಿ ಕಿತ್ತೇಬಿಟ್ಟಳು. ಅದರ ಸುತ್ತ ಲೋಳೆ. ಡಾಕ್ಟರು ನನ್ನತ್ತ ನೋಡಿ, "ಕ್ರಿಮಿಗಳು ಲೋಳೆ ಕಟ್ಕೊಂಡು ಒಳಗೆ ಕೂತ್ರೆ ಔಷಧಿಗೆ ಸುಲಭಕ್ಕೆ ಸಾಯಲ್ಲ ಕಣ್ರಿ. ಹೊರಗೆ ಓಡಾಡ್ತಿರೋವು ಮಾತ್ರ ಸಾಯ್ತವೆ" ಎಂದರು. ನನಗೆ ತಲೆ ಎತ್ತಲಾಗಲಿಲ್ಲ.

ಅವಳು, "ಕುರಿಗಾದ್ರೆ ನಾವು ಮೊದ್ಲು ಮುಳ್ಳೇ ನೋಡೋದು. ಮನುಷ್ಯರಿಗೆ ಬ್ಯಾರೆ ಪದ್ಧತಿ ಐತೇನೋ ಅಂತ ಸುಮ್ಕಿದ್ದೆ" ಎಂದಳು.

ಬಾಟಲಿ

ಮುಳ್ಳು ಹೋದ ಮೇಲೆ ಗಾಯ ಮಾಯಬೇಕಿತ್ತು. ನಾನು ದಿನಾ ಲೋಷನ್ನಿನಲ್ಲಿ ತೊಳೆದಷ್ಟೂ ಹಸಿರು ಕೀವು ಹೆಚ್ಚಿತು. ಹೀಗೇ ಆದರೆ ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಕಳಿಸಬೇಕು, ಪಾದ ಉಳಿಯುವುದು ಕಷ್ಟ ಎಂದರು ಡಾಕ್ಟರು. ಅವನು, "ಕಾಲಿದ್ದಾಗ್ಲೇ ಮಗಳ್ನ ನೋಡ್ಕಂಡ್ ಬರ್ತೀನಿ" ಎಂದು ಚಿಕ್ಕಜಾಜೂರಿಗೆ ಹೋದ.

ನಾಲ್ಕು ದಿನ ಬಿಟ್ಟು ಬಂದಾಗ ಗಾಯ ಒಣಗತೊಡಗಿತ್ತು. "ನೋಡಿದ್ರಾ, ನಮ್ಮ ಲೋಷನ್ ಗುಣ" ಎಂದು ಬೀಗಿದೆ.

"ಅಲ್ಲಿ ಲೋಷನ್ ಎಲ್ಲಿ ಸ್ವಾಮಿ? ಮಗಳು ಕುದಿಸಿ ಆರಿಸಿದ ನೀರಲ್ಲಿ ತೊಳೀತಿದ್ಲು."

ಡಾಕ್ಟರು ಲೋಷನ್ ಬಾಟಲಿ ಕೇಳಿದರು. ನಾನು ಕೆಲಸಕ್ಕೆ ಸೇರಿದಾಗಿನಿಂದ ಅದು ಅರ್ಧವಾದಾಗಲೆಲ್ಲ ಮೇಲಿಂದ ಹೊಸ ಲೋಷನ್ ಸುರಿದು ತುಂಬಿಸಿದ್ದೆನೇ ಹೊರತು ಒಮ್ಮೆಯೂ ತೊಳೆದಿರಲಿಲ್ಲ. ಒಳಗೋಡೆಗೆಲ್ಲ ಲೋಳೆ ಹತ್ತಿತ್ತು. ಕ್ರಿಮಿ ಕೊಲ್ಲುವ ಔಷಧಿಯಲ್ಲೇ ಕ್ರಿಮಿಗಳು ಸಂಸಾರ ಹೂಡಿದ್ದವು. ಅವನ್ನೇ ನಾನು ದಿನಾ ಅವನ ಕಾಲಿಗೆ ಸುರಿದಿದ್ದೆ. ಕುರಿಯ ಹಿಂದೆ ನಡೆದು ಬದುಕುವ ಮನುಷ್ಯನ ಪಾದ ನನ್ನ ಸೋಮಾರಿತನಕ್ಕೆ ಹೋಗುವುದರಲ್ಲಿತ್ತು. ನಾಚಿಕೆಯಿಂದ ಕುಗ್ಗಿಹೋದೆ. ಎಲ್ಲವನ್ನೂ ಒಪ್ಪಿಕೊಂಡು ಅವನಿಗೆ ಕೈಮುಗಿದೆ.

ಅವನು ಬೈಯಲಿಲ್ಲ. ನನ್ನ ಮುಖ ನೋಡಿ ಪಾಪ ಎನಿಸಿರಬೇಕು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಮನಃಪೂರ್ವಕವಾಗಿ ಸಮಾಧಾನ ಹೇಳಿದ:

"ಬ್ಯಾಸರ ಮಾಡ್ಕಬ್ಯಾಡ್ರಿ ಸ್ವಾಮಿ. ಇದನ್ನೂ ಒಂದ್ನಾಕು ದಿನ ಆಸ್ಪತ್ರೆಯಿಂದ ದೂರ ಇಡ್ರಿ, ವಾಸಿ ಆಗ್ತೈತೆ."