ಹದಿನೈದು ಹೆಸರು ಮತ್ತು ಒಬ್ಬ ಸ್ವಾರ್ಥಿ ಮನುಷ್ಯ

ಅರ್ಥಶಾಸ್ತ್ರ ಹೇಳಿಕೊಡುವವರ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಜನ ಕೇಳುತ್ತಾರೆ. ತರಗತಿಯೊಳಗೆ ಏನೂ ಇರುವುದಿಲ್ಲ, ಒಪ್ಪುತ್ತೇನೆ. ಆದರೆ ಪುಸ್ತಕ ಹಿಡಿದು ಬೀದಿಗೆ ಇಳಿದರೆ ಸಾಕು, ಒಂದಲ್ಲ ಒಂದು ನಡೆದೇ ನಡೆಯುತ್ತದೆ, ಅದೂ ನನ್ನ ತಲೆಯ ಮೇಲೆಯೇ.

ನಾನು ಬಳ್ಳಾರಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಮಣೆ ಹಾಕಿ ಕೂರಿಸಿಕೊಂಡವರಲ್ಲ, ಯಾವಾಗ ಬೇಕಾದರೂ ಎದ್ದು ಹೋಗಿ ಎನ್ನಬಹುದಾದವರು. ನನ್ನ ಪೇಪರಿನ ಹೆಸರು 'ಪರ್ಯಾಯ ಆರ್ಥಿಕ ಚಿಂತನೆಗಳು'. ದೊಡ್ಡ ಪುಸ್ತಕಗಳು ಮನುಷ್ಯ ಸ್ವಾರ್ಥಿ, ಲೆಕ್ಕಾಚಾರದವನು, ಬೇಡಿಕೆ ಏರಿದರೆ ಬೆಲೆ ಏರುತ್ತದೆ ಎನ್ನುತ್ತವೆ. ನನ್ನ ಪೇಪರಿನಲ್ಲಿ ಬರುವ ಚಿಂತಕರು, ತಡೀರಿ, ರೂಢಿ ಇಲ್ಲವೇ, ನ್ಯಾಯ ಇಲ್ಲವೇ, ಮನೆಯೊಳಗೆ ಹೆಂಗಸರು ಮಾಡುವ ಕೆಲಸ ಯಾವ ಲೆಕ್ಕಕ್ಕೆ ಎಂದು ಜಗಳ ತೆಗೆಯುತ್ತಾರೆ. ನನಗೂ ಜಗಳ ಇಷ್ಟ. ಹಾಗಾಗಿ ಪೇಪರೂ ಇಷ್ಟ.

ಈ ವರ್ಷ ಪ್ರಿನ್ಸಿಪಾಲರು ಕರೆದು, "ಬರೋ ವಾರದ ಶನಿವಾರ ಸಂಜಿ ಐದರೊಳಗ ನಿಮ್ಮ ಪೇಪರಿಗೆ ಹದಿನೈದು ಹುಡುಗರ ಹೆಸರು ಬರ್ಬೇಕು ಮೇಡಂ. ಬರ್ಲಿಲ್ಲಂದ್ರ ಪೇಪರ್ ಬಂದ್" ಎಂದರು. ನನಗೆ ಎರಡು ವಾರ ಇತ್ತು, ಹೆಸರು ಆರಿದ್ದವು. ಪೇಪರ್ ಬಂದ್ ಆದರೆ ನನ್ನ ಕೆಲಸವೂ ಬಂದ್. ನನ್ನ ಅವಧಿಗಳೆಲ್ಲ ಇನ್ನೊಬ್ಬ ಅರ್ಥಶಾಸ್ತ್ರದ ಸರ್‌ಗೆ ಹೋಗುತ್ತವೆ. ಅವರೂ ನನ್ನ ಹಾಗೆ ಅತಿಥಿಯೇ, ಆದರೆ ಹಳೆಯ ಅತಿಥಿ. ಅವಧಿ ಹೆಚ್ಚಿದಷ್ಟೂ ಅವರಿಗೆ ಗೌರವಧನ ಹೆಚ್ಚು. ದೊಡ್ಡ ಪುಸ್ತಕಗಳ ಪಾಠ ಅವರದು. "ಮನುಷ್ಯ ಅಂದ್ರ ಸ್ವಾರ್ಥ ರೀ ಮೇಡಂ, ಮುಗೀತು" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಾರೆ, ಹೇಳುತ್ತಲೇ ನನ್ನ ಡಬ್ಬಿಗೆ ಕೈ ಹಾಕುತ್ತಾರೆ.

ಕೋಣೆಯಲ್ಲಿ ಕೂತು ಕರೆದರೆ ಯಾರೂ ಬರುವುದಿಲ್ಲವೆಂದು ನಾನು ಪಾಠವನ್ನು ಊರೊಳಗೆ ಒಯ್ದೆ.

೧. ಗಾಂಧಿನಗರದ ಮಿರ್ಚಿ

ಮೊದಲ ಪಾಠ ಗಾಂಧಿನಗರದ ಮಿರ್ಚಿ ಬಂಡಿಯ ಮುಂದೆ. ಅಪರೂಪಕ್ಕೆ ಮಳೆ ಬಂದು ನಿಂತಿತ್ತು. ಬಳ್ಳಾರಿಯಲ್ಲಿ ನಾಲ್ಕು ಹನಿ ಬಿದ್ದರೆ ಇಡೀ ಊರಿಗೆ ಮಿರ್ಚಿ ನೆನಪಾಗುತ್ತದೆ. ಬಂಡಿಯ ಸುತ್ತ ಜಾತ್ರೆ. ನಾನು ಆರು ಜನ ವಿದ್ಯಾರ್ಥಿಗಳನ್ನು ನಿಲ್ಲಿಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಬಂಡಿಯವನನ್ನು ಕೇಳಿದೆ: "ಇಷ್ಟು ಮಂದಿ ಬಂದಾರಲ್ರಿ, ರೇಟು ಏರಿಸಬಾರ್ದೇನು?"

ಅವನು ಎಣ್ಣೆಯ ಜಾಲರಿ ಸೌಟು ಎತ್ತಿ ಹಿಡಿದು ನನ್ನನ್ನು ನೋಡಿದ. "ಮಳಿ ಬಂತಂತ ಏರಿಸಿದ್ರ, ನಾಳಿ ಬಿಸ್ಲು ಬಿದ್ದಾಗ ಇವರ ಮುಖ ಹೆಂಗ ನೋಡ್ಲಿ ಮೇಡಂ?"

ನನಗೆ ಸ್ವರ್ಗ ಸಿಕ್ಕಂತಾಯಿತು. ಇದೇ ಮಾತನ್ನು ಹೇಳಲು ನಮ್ಮ ಪಠ್ಯಕ್ಕೆ ಮೂವತ್ತು ಪುಟ ಬೇಕಾಗಿತ್ತು. "ನೋಡಿದ್ರೇನು? ಬೆಲೆ ಅನ್ನೋದು ಬರೀ ಬೇಡಿಕೆ ಅಲ್ಲ, ಅದರೊಳಗೆ ಮರ್ಯಾದೆ ಇರುತ್ತದೆ" ಎಂದು ಹುಡುಗರಿಗೆ ಬರೆಸತೊಡಗಿದೆ. ಆದರೆ ಹಿಂದೆ ನಿಂತವರಿಗೆ ಅವನ ಉತ್ತರ ಕೇಳಿಸಿರಲಿಲ್ಲ, ನನ್ನ ಪ್ರಶ್ನೆ ಮಾತ್ರ ಕೇಳಿಸಿತ್ತು.

"ಯಾರ್ರೀ ಅದು, ರೇಟು ಏರ್ಸು ಅಂದವ್ರು?" ಎಂದು ಒಬ್ಬ ಹಿರಿಯರು ಗುಡುಗಿದರು. ಜನರೆಲ್ಲ ನನ್ನ ಕಡೆ ತಿರುಗಿದರು. ಮಾರುಕಟ್ಟೆಯ ವಿರುದ್ಧ ಪಾಠ ಮಾಡಲು ಬಂದವಳು ನಾನು ಎಂದು ಬಾಯಿ ಬಡಿದುಕೊಂಡರೂ ಯಾರೂ ಕೇಳಲಿಲ್ಲ. ಒಬ್ಬೊಬ್ಬರಾಗಿ ನನ್ನನ್ನು ದಾಟಿ ಮುಂದೆ ಹೋಗಿ ಮಿರ್ಚಿ ತೆಗೆದುಕೊಂಡರು. ಕೊನೆಗೆ ಎಣ್ಣೆಯಲ್ಲಿ ಎರಡೇ ಉಳಿದವು.

ಬಂಡಿಯವನು ಅವನ್ನು ಕಾಗದದಲ್ಲಿ ಸುತ್ತುತ್ತ ಬಲು ವಿನಯದಿಂದ ಕೇಳಿದ: "ನಿಮಗೊಬ್ರಿಗೆ ಏರಿಸ್ಲೇನ್ರಿ ಮೇಡಂ?"

೨. ಕುರುಗೋಡಿನ ಬಾಳೆಹಣ್ಣು

ನನಗಾದ ಅವಮಾನ ನೋಡಿದ ಖುಷಿಯಲ್ಲೋ ಏನೋ, ಮರುದಿನ ನಾಲ್ಕು ಹೆಸರು ಹೊಸದಾಗಿ ಬಂದವು. ಒಟ್ಟು ಹತ್ತಾಯಿತು. ಉತ್ಸಾಹದಿಂದ ಭಾನುವಾರ ಎಲ್ಲರನ್ನೂ ಕುರುಗೋಡಿಗೆ ಕರೆದುಕೊಂಡು ಹೋದೆ. ನಾನು ಸೋಲುವುದನ್ನು ಕಣ್ಣಾರೆ ನೋಡಬೇಕೆಂದು ಸರ್ ಕೂಡ ಬಸ್ ಹತ್ತಿದರು.

ಆಟ ಸರಳವಾದದ್ದು. ಗುರುತಿಲ್ಲದ ಇಬ್ಬರು. ಒಬ್ಬರ ಕೈಗೆ ಹತ್ತು ಬಾಳೆಹಣ್ಣು ಕೊಡುವುದು. ಎದುರಿನವರಿಗೆ ಎಷ್ಟು ಕೊಡಬೇಕೆಂದು ಅವರೇ ಹೇಳಬೇಕು. ಎದುರಿನವರು ಒಪ್ಪಿದರೆ ಹಾಗೆಯೇ ಹಂಚಿಕೆ. ಬೇಡ ಎಂದರೆ ಇಬ್ಬರಿಗೂ ಒಂದೂ ಇಲ್ಲ. "ಒಂದು ಕೊಟ್ಟು ಒಂಬತ್ತು ಇಟ್ಕೋತಾರ ನೋಡ್ರಿ. ಇಲ್ಲದ್ದಕ್ಕಿಂತ ಒಂದು ಮೇಲಂತ ಎದುರಿನವರು ಸುಮ್ನ ತಗೋತಾರ" ಎಂದರು ಸರ್.

ಗುಡಿಯ ಮುಂದಿನ ಕಟ್ಟೆಯ ಮೇಲೆ ಇಬ್ಬರು ಅಜ್ಜಿಯರು ಸಿಕ್ಕರು. ಒಬ್ಬರು ಕುರುಗೋಡಿನವರು, ಇನ್ನೊಬ್ಬರು ಕೊಳಗಲ್ಲಿನಿಂದ ಬಂದವರು. ಹಣ್ಣನ್ನು ಕುರುಗೋಡಿನ ಅಜ್ಜಿಯ ಕೈಗಿಟ್ಟು ಎಷ್ಟು ಕೊಡುತ್ತೀರಿ ಎಂದು ಕೇಳಿದೆ.

"ಎಷ್ಟು ಅಂದ್ರ? ನಮ್ಮೂರಿಗೆ ಬಂದಾಕಿ, ಎಲ್ಲಾ ಆಕಿಗೆ ಕೊಡ್ರಿ."

ಕೊಳಗಲ್ಲಿನ ಅಜ್ಜಿ ಎರಡೂ ಕೈ ಅಡ್ಡ ಹಿಡಿದರು. "ಅಯ್ಯ ಬ್ಯಾಡ್ರೆವ್ವಾ. ನಿಮ್ಮ ಕೈಗೆ ಬಂದದ್ದು, ನೀವ ತಿನ್ರಿ."

"ತಗೊಳ್ರಿ ಅಂದೆ."

"ಒಲ್ಲೆ ಅಂದೆ."

ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ನಿಯಮವೆಂದರೆ ಬಲು ನಿಷ್ಠೆ. ಬೇಡ ಎಂದರಲ್ಲ, ಆಟ ಮುಗಿಯಿತು ಎಂದು ಹಣ್ಣಿನ ಚಿಪ್ಪಿಗೆ ಕೈ ಹಾಕಿದಳು. ಅಷ್ಟೇ. ಅಲ್ಲಿಯವರೆಗೆ ಪರಿಚಯವೇ ಇಲ್ಲದ ಇಬ್ಬರೂ ಒಂದಾಗಿ ನಮ್ಮ ಮೇಲೆ ಬಿದ್ದರು.

"ಕೊಟ್ಟ ಹಣ್ಣು ಹಿಂದಕ್ಕ ತಗೋತೀರೇನ? ಯಾವೂರವ್ರು ನೀವು?"

"ನೋಡಾಕ ಓದಿದವ್ರಂಗ ಅದಾರ!"

ಆ ಜಗಳದ ನಡುವೆಯೇ ಅವರಿಬ್ಬರಿಗೆ ದೂರದ ಬೀಗತನ ಇರುವುದೂ ಗೊತ್ತಾಗಿ, ನಮ್ಮನ್ನು ಮರೆತು ಕೈ ಕೈ ಹಿಡಿದುಕೊಂಡು ಕೂತರು. ಹಣ್ಣು ಕಟ್ಟೆಯ ಮೇಲೆ ಉಳಿಯಿತು. ಯಾರಿಗೂ ಬೇಡವಾದದ್ದನ್ನು ಹೇಗೆ ದಾಖಲಿಸುವುದೆಂದು ನಾನು ಫಾರಂ ತಿರುವಿಹಾಕುತ್ತಿದ್ದೆ. ತಲೆ ಎತ್ತಿ ನೋಡಿದರೆ ಚಿಪ್ಪಿನಲ್ಲಿ ಏಳೇ ಇದ್ದವು, ಸರ್ ಮೂರನೆಯದರ ಸಿಪ್ಪೆ ಎಸೆಯುತ್ತಿದ್ದರು.

ಪುಸ್ತಕದಲ್ಲಿರುವ ಸ್ವಾರ್ಥಿ ಮನುಷ್ಯ ಅಂದು ಕುರುಗೋಡಿನಲ್ಲಿ ಒಬ್ಬನೇ ಸಿಕ್ಕ. ಅವನನ್ನೂ ಬಳ್ಳಾರಿಯಿಂದ ನಾವೇ ಕರೆದುಕೊಂಡು ಹೋಗಿದ್ದೆವು.

೩. ಏನೂ ಮಾಡಂಗಿಲ್ಲ

ಬುಧವಾರದ ಹೊತ್ತಿಗೆ ಹೆಸರು ಹದಿನಾಲ್ಕಾಗಿ ಅಲ್ಲಿಗೇ ನಿಂತುಬಿಟ್ಟಿತು. ಅಂದು ನಾವು ಸಿರುಗುಪ್ಪ ತಾಲೂಕಿನ ಕರೂರಿಗೆ ಹೋದೆವು. ಮನೆಯಲ್ಲಿ ಯಾರು ಎಷ್ಟು ಹೊತ್ತು ಏನು ಕೆಲಸ ಮಾಡುತ್ತಾರೆಂದು ಫಾರಂ ತುಂಬುವುದು ನಮ್ಮ ಕೆಲಸ. ಭತ್ತ ಬೆಳೆಯುವ ಒಬ್ಬ ರೈತರ ಮನೆಗೆ ಹೋದೆ. ಅವರ ಮಗಳು ನಮ್ಮ ಕಾಲೇಜಿನವಳೇ, ಆದರೆ ಸರ್ ಪೇಪರ್ ತೆಗೆದುಕೊಂಡವಳು.

"ನಿಮ್ಮ ಹೆಂಡತಿ ಏನು ಕೆಲಸ ಮಾಡ್ತಾರ್ರಿ?" ಎಂದು ಕೇಳಿದೆ.

"ಏನೂ ಮಾಡಂಗಿಲ್ರಿ, ಮನ್ಯಾಗ ಇರ್ತಾಳ" ಎಂದರು ಯಜಮಾನರು. ಅದೇ ಉಸಿರಿನಲ್ಲಿ ಒಳಗೆ ತಿರುಗಿ, "ಏ, ಮೇಡಂಗ ಚಾ ಇಡು! ಎಮ್ಮಿ ಬಿಚ್ಗೊಂಡೈತಿ ನೋಡು! ಗದ್ದ್ಯಾಗಿನ ಆಳಿಗೆ ಬುತ್ತಿ ಕಟ್ಟಿದೇನು?" ಎಂದು ಕೂಗಿದರು.

ಹೆಂಡತಿ ಎಮ್ಮೆ ಕಟ್ಟಿ, ಬುತ್ತಿ ಕಟ್ಟಿ, ಚಹಾ ತಂದು ನನ್ನ ಮುಂದಿಟ್ಟರು. "ಏನ್ ಬರ್ಕೊಂಡ್ರಿ ಮೇಡಂ, ಓದ್ರಿ" ಎಂದರು. ಸುಳ್ಳು ಹೇಳಲು ಆಗದೆ, "ಏನೂ ಮಾಡುವುದಿಲ್ಲ" ಎಂದು ಓದಿದೆ.

ಅವರಿಗೆ ಸಿಟ್ಟು ಬರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. "ಚಲೋ ಆತು" ಎಂದು ಸೆರಗಿಗೆ ಕೈ ಒರೆಸಿಕೊಂಡರು. "ಕಾಗದದಾಗ ಬಂದ ಮ್ಯಾಲ ಸುಳ್ಳು ಮಾಡಬಾರ್ದು." ಹೋಗಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತರು.

ಶುಕ್ರವಾರ ಸಂಜೆ ಯಜಮಾನರ ಫೋನು. ದನಿ ಗುರುತೇ ಸಿಗದಷ್ಟು ಇಳಿದಿತ್ತು.

"ಮೇಡಂ, ಎರಡು ದಿನ ಆತು, ಅಕಿ ಎದ್ದಿಲ್ಲ. ಎಮ್ಮಿ ಅಕಿ ತವರಿಂದ ಬಂದದ್ದು, ನಾ ಹಿಂಡಾಕ ಕುಂತ್ರ ಒದೀತೈತಿ. ಆ ಫಾರಂ ತಿದ್ದಾಕ ಎಲ್ಲಿಗೆ ಬರ್ಬೇಕ್ರಿ?"

೪. ಶನಿವಾರ ಸಂಜೆ

ಶನಿವಾರ ನಾಲ್ಕೂವರೆ. ಹೆಸರು ಹದಿನಾಲ್ಕೇ. ನಾನು ಸ್ಟಾಫ್ ರೂಮಿನಲ್ಲಿ ಕೂತು ಮುಖ ಗಟ್ಟಿ ಮಾಡಿಕೊಂಡಿದ್ದೆ. ಏಳು ವರ್ಷ ಪಾಠ ಮಾಡಿದ ಕೋಣೆಗಳನ್ನು ಸೋಮವಾರದಿಂದ ನೋಡುವುದಿಲ್ಲ ಎಂದರೆ ಯಾರಿಗೆ ತಾನೇ ಅಳು ಬರುವುದಿಲ್ಲ? ಎದುರಿಗೆ ಸರ್, ನನ್ನ ಡಬ್ಬಿಯ ಶೇಂಗಾ ಹೋಳಿಗೆ ತಿನ್ನುತ್ತಿದ್ದರು. ಅವರ ಮನೆಯಲ್ಲಿ ಸಿಹಿ ಬಂದ್ ಮಾಡಿದ್ದಾರೆ.

ಬಾಗಿಲಲ್ಲಿ ಕರೂರಿನ ಯಜಮಾನರು ಕಾಣಿಸಿಕೊಂಡರು. ಜೊತೆಗೆ ಮಗಳು. ಅವರ ಅಂಗಿಯ ಮೇಲೆ ಎಮ್ಮೆಯ ಕಾಲಿನ ಗುರುತು ಸ್ಪಷ್ಟವಾಗಿತ್ತು.

"ಬರ್ಕೊಳ್ರಿ ಮೇಡಂ" ಎಂದು ಕುರ್ಚಿ ಎಳೆದು ಕೂತರು. "ಮುಂಜಾನಿ ಕತ್ಲಿದ್ದಾಗ ಏಳ್ತಾಳ. ಕಸ, ನೀರು, ಸಗಣಿ. ಹಾಲು ಹಿಂಡ್ತಾಳ, ಎಮ್ಮಿ ಸುಮ್ನ ನಿಲ್ತೈತಿ, ಅದನ್ನೂ ಬರೀರಿ. ರೊಟ್ಟಿ ಬಡೀತಾಳ, ಬುತ್ತಿ ಕಟ್ತಾಳ, ಸಸಿ ಹಚ್ಚಾಕ ಹೋಗ್ತಾಳ..." ಎರಡು ಪುಟ ತುಂಬಿ ಮೂರನೆಯದು ತೆಗೆದೆ. ನಮ್ಮ ಪಠ್ಯಪುಸ್ತಕದಲ್ಲೂ ಇಷ್ಟು ವಿವರ ಇಲ್ಲ.

ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡರು. "ಇನ್ನೊಂದೈತ್ರಿ. ಮಗಳನ್ನ ನಿಮ್ಮ ಕ್ಲಾಸಿಗೆ ಹಚ್ಚಿ ಬಂದ್ರಷ್ಟ ಒಲಿ ಹೊತ್ತಿಸ್ತೀನಿ ಅಂದಾಳ. ಇಂಥ ಪಾಠ ಕಲಿತ್ರ ಮಗಳಿಗೆ ಗಂಡನ ಮನ್ಯಾಗ ಉಪಯೋಗಕ್ಕ ಬರ್ತೈತಂತ."

ಹದಿನೈದು! ನಾನು ಎದ್ದೇ ನಿಂತೆ, ಮರುಕ್ಷಣ ಕೂತೆ. ಪೇಪರ್ ಬದಲಿಸಬೇಕಾದರೆ, ಬಿಟ್ಟುಬರುವ ಪೇಪರಿನ ಮೇಷ್ಟರ ಸಹಿ ಬೇಕು. ಎಂದರೆ ಸರ್ ಸಹಿ. ಹಾಕದಿದ್ದರೆ ನನ್ನ ಅವಧಿಗಳೆಲ್ಲ ಅವರವೇ. ಹದಿನೈದು ನಿಮಿಷ ಸುಮ್ಮನೆ ಹೋಳಿಗೆ ತಿಂದರೆ ಸಾಕಿತ್ತು.

ಹುಡುಗಿ ಅರ್ಜಿಯನ್ನು ಅವರ ಮುಂದಿಟ್ಟಳು. ಸರ್ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಬೆರಳು ಒರೆಸಿಕೊಂಡರು, ಪೆನ್ನು ತೆಗೆದು ಸಹಿ ಹಾಕಿದರು.

ನನಗೆ ಕಣ್ಣು ತುಂಬಿ ಬಂತು. "ಸರ್, ನಿಮ್ಮ ಸಿದ್ಧಾಂತದ ಪ್ರಕಾರ ನೀವು ಸಹಿ ಹಾಕಬಾರದಿತ್ತು" ಎಂದೆ.

ಅವರಿಗೆ ಕೆಟ್ಟ ಸಿಟ್ಟು ಬಂತು. "ಯಾರ್ರೀ ಹೇಳಿದ್ದು? ಇದು ಅಪ್ಪಟ ಸ್ವಾರ್ಥ! ನೀವು ಹೋದ್ರ ನನಗ ಹೋಳಿಗಿ ಯಾರು ತರ್ತಾರ?"

ಹುಡುಗಿ ಅರ್ಜಿ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಓಡಿದಳು. ಐದಕ್ಕೆ ಹತ್ತು ನಿಮಿಷವಿತ್ತು. ನಾನು ಖುಷಿಯಲ್ಲಿ ಒಂದು ಹೊಸ ಫಾರಂ ತೆಗೆದು, ಸಂಶೋಧನೆಗೆ ಇನ್ನೊಂದು ಮನೆ ಆಗಲಿ ಎಂದು, "ಸರ್, ನಿಮ್ಮ ಮನೆಯವರು ಏನು ಕೆಲಸ ಮಾಡ್ತಾರ?" ಎಂದು ಕೇಳಿದೆ.

ಸರ್ ಹೋಳಿಗೆಯ ಕೊನೆಯ ತುಂಡು ಬಾಯಿಗಿಟ್ಟುಕೊಳ್ಳುತ್ತಾ, "ಅಕಿ ಏನೂ..." ಎಂದರು.

ಕರೂರಿನ ಯಜಮಾನರು ಕುರ್ಚಿ ಉರುಳಿಸಿಕೊಂಡು ಎದ್ದು, ಎರಡೂ ಕೈಯಿಂದ ಸರ್ ಬಾಯಿ ಮುಚ್ಚಿದರು.

"ಅನ್ನಬ್ಯಾಡ್ರಿ ಸರ್! ಕಾಗದ ಇಲ್ಲೇ ಐತಿ!"