ಒಂದು ಬೋಗಿ ಕಪ್ಪು ದ್ರಾಕ್ಷಿ

ಒನೊಫ್ರಿಯೊ ಯಜಮಾನರಿಗೆ ಜ್ವರ ಬಂದದ್ದೇ ಎಲ್ಲಕ್ಕೂ ಮೂಲ. ಕಂಬಳಿ ಹೊದ್ದುಕೊಂಡೇ ತಮ್ಮ ಹಣ್ಣಿನ ಮಂಡಿಯ ಆಳು ಕಾಲೋಜೆರೋನನ್ನು ಕರೆದರು.

"ಲೇ, ಇವತ್ತು ಹರಾಜಿಗೆ ನೀನೇ ಹೋಗು. ಕ್ಯಾಲಿಫೋರ್ನಿಯಾ ಕಪ್ಪು ದ್ರಾಕ್ಷಿ, ಒಂದೇ ಒಂದು ಬೋಗಿ. ನಾನು ಟೋಪಿ ತೆಗೆದ್ರೆ ಬೆಲೆ ಏರಿಸ್ದೆ ಅಂತ ಹರಾಜು ಕೂಗೋನಿಗೆ ಗೊತ್ತು. ನಿನ್ನ ಟೋಪಿಗೂ ಅದೇ ಅರ್ಥ ಅಂತ ಹೇಳಿ ಕಳಿಸಿದೀನಿ. ದುಬಾರಿಗೆ ತಂದ್ಯೋ, ನಾಳೆಯಿಂದ ಬರ್ಬೇಡ!"

ನ್ಯೂಯಾರ್ಕಿನ ಹಡಗುಕಟ್ಟೆ ಬೆಳಿಗ್ಗೆಯೇ ಗಿಜಿಗುಡುತ್ತಿತ್ತು. ರೈಲು ಬೋಗಿಗಳು ದೋಣಿಗಳ ಮೇಲೆ ಮದುಮಕ್ಕಳ ಹಾಗೆ ಕೂತು ನದಿ ದಾಟಿ ಬಂದಿದ್ದವು. ಕಾಲೋಜೆರೋ ಒಂದು ದ್ರಾಕ್ಷಿ ಬಾಯಿಗೆ ಹಾಕಿ ರುಚಿ ನೋಡಿದ. ಮಹಡಿಯ ಹರಾಜುಕೋಣೆಗೆ ಹೋಗಿ, ಪಕ್ಕದ ಮಂಡಿಯ ಮೆಂಡೆಲ್ ಜೊತೆ ಕೂತ.

ದ್ರಾಕ್ಷಿಯ ಸರದಿ ಬಂತು. ಟೋಪಿ ತೆಗೆದ, ಹಾಕಿಕೊಂಡ. ಬೇರೆ ಯಾರೂ ತುಟಿ ಬಿಚ್ಚಲಿಲ್ಲ. ಇನ್ನೇನು ಸಿಕ್ಕೇಬಿಟ್ಟಿತು ಅನ್ನುವಾಗ ಬಾಗಿಲಲ್ಲಿ ಏದುಸಿರಿನ ಹೆಣ್ಣುದನಿ: "ಪೆಟ್ಟಿಗೆಗೆ ಇನ್ನೂ ಹತ್ತು ಸೆಂಟ್!"

ಫಿಲಿಪ್ಪಾ! ಚರ್ಚ್ ಪಕ್ಕ ಸಣ್ಣ ಹಣ್ಣಿನಂಗಡಿ ಇಟ್ಟಿದ್ದ ವಿಧವೆ. ಮೂರು ವರ್ಷದಿಂದ ಪ್ರತಿ ಭಾನುವಾರ ಇವನು ಅವಳಿಗೆ ಟೋಪಿ ತೆಗೆದು ವಂದಿಸುತ್ತಿದ್ದ. ಅದರಾಚೆಗೆ ಒಂದು ಮಾತೂ ಹೊರಟಿರಲಿಲ್ಲ. ಈಗಲೂ ಕೈ ತಾನಾಗಿ ತಲೆಗೆ ಹೋಯಿತು.

"ಏರಿತು!" ಎಂದ ಹರಾಜು ಕೂಗುವವನು.

ಫಿಲಿಪ್ಪಾ ಇವನನ್ನು ದುರುಗುಟ್ಟಿ ನೋಡಿ ಇನ್ನೂ ಏರಿಸಿದಳು. ಅಬ್ಬಾ, ನೋಡಿದಳಲ್ಲ! ಟೋಪಿ ಮತ್ತೆ ಕೆಳಗಿಳಿಯಿತು.

"ಹಾಕ್ಕೊಳ್ಳೋ ಮಾರಾಯ, ಮುಳುಗ್ತೀಯ!" ಮೆಂಡೆಲ್ ಉಪ್ಪಿನಕಾಯಿ ಜಾಡಿಗೆ ಮುಚ್ಚಳ ಒತ್ತಿದಂತೆ ಅವನ ತಲೆಗೆ ಟೋಪಿ ಒತ್ತಿದ.

"ಹೆಂಗಸಿನ ಮುಂದೆ ಟೋಪಿ ಹಾಕ್ಕೊಂಡು ಕೂರೋದಾ? ನಮ್ಮಮ್ಮ ಸಿಸಿಲಿಯಿಂದ್ಲೇ ಚಪ್ಪಲಿ ಎಸೀತಾಳೆ!"

ಅವಳು ಏರಿಸಿದಳು, ಇವನು ವಂದಿಸಿದ. ಅವಳು ಏರಿಸಿದಳು, ಇವನು ವಂದಿಸಿದ. ಕೊನೆಗೆ ಅವಳು ಸೋತು ಬೆಂಚಿನ ಮೇಲೆ ಕುಸಿದಳು. ಆ ವರ್ಷ ಯಾರೂ ಕೊಡದ ಬೆಲೆಗೆ ಬೋಗಿ ಕಾಲೋಜೆರೋನ ಪಾಲಾಯಿತು.

ಕೆಳಗೆ, ದ್ರಾಕ್ಷಿ ಪೆಟ್ಟಿಗೆಗಳ ಪಕ್ಕ ಅವಳು ಅಡ್ಡಗಟ್ಟಿದಳು. "ನನ್ಮೇಲೆ ಅಷ್ಟೊಂದು ದ್ವೇಷ ಏನ್ರೀ ನಿಮಗೆ?"

"ದ್ವೇಷಾನಾ!" ಅವನು ಒಂದು ಪೆಟ್ಟಿಗೆ ಅವಳತ್ತ ನೂಕಿದ. "ತಗೊಳ್ಳಿ, ಅಷ್ಟೂ ನಿಮ್ಮಂಗಡಿಗೇ. ನನ್ ಕೆಲಸ ಹೋದ್ರೆ ಹೋಗ್ಲಿ."

"ನನ್ನ ಗೂಡಂಗಡಿಗೆ ಒಂದು ಬೋಗಿನಾ? ನಿಮ್ಮ ಯಜಮಾನ್ರಿಗೆ ಕಣ್ರೀ! ಜ್ವರ ಅಂತ ನೋಡೋಕೆ ಹೋಗಿದ್ದೆ. 'ಆ ಕಾಲೋಜೆರೋ ದಾರೀಲಿ ಎಲ್ಲೋ ನಿದ್ದೆ ಹೊಡೀತಿರ್ತಾನೆ, ನೀನು ಓಡಿ ಹೋಗಿ ಆ ಬೋಗಿ ಹಿಡಿ' ಅಂತ ಒನೊಫ್ರಿಯೊ ಅವರೇ ಕಳಿಸಿದ್ರು. ನೀವು ನೋಡಿದ್ರೆ ಮೆಂಡೆಲ್ ಪಕ್ಕ ಕೂತಿದ್ರಿ. ಅವನ ಕಡೆ ಸೇರ್ಕೊಂಡು ಅವನಿಗೆ ದ್ರಾಕ್ಷಿ ಹಿಡೀತಿದ್ದೀರಿ ಅಂದ್ಕೊಂಡೆ!"

ಕಾಲೋಜೆರೋ ಪೆಟ್ಟಿಗೆಯ ಮೇಲೆ ದೊಪ್ಪನೆ ಕೂತ. ಒಬ್ಬನೇ ಯಜಮಾನನ ಜೇಬಿಗೆ ಇಬ್ಬರೂ ಎರಡು ಕಡೆಯಿಂದ ಕತ್ತರಿ ಹಾಕಿದ್ದರು.

ಫಿಲಿಪ್ಪಾ ಅವನ ಪಕ್ಕದಲ್ಲೇ ಕೂತಳು. ಒಂದು ಗೊಂಚಲು ಎತ್ತಿ, ಅರ್ಧ ಮುರಿದು ಅವನ ಅಂಗೈಗಿಟ್ಟಳು.

"ಮೊದ್ಲು ತಿನ್ನಿ. ಆಮೇಲೆ ಒಟ್ಟಿಗೇ ಹೋಗಿ ಬೈಸ್ಕೊಳ್ಳೋಣ."