ದೊಡ್ಡಪ್ಪನ ಅವಸರ, ನೇಪಾಳದ ಗುಡ್ಡ

ನಮ್ಮ ದೊಡ್ಡಪ್ಪ ಸ್ವರ್ಗಕ್ಕೆ ಹೋದರೆ, ಬಾಗಿಲು ತೆಗೆಯುವ ಮೊದಲೇ ಕದ ಬಡಿದು ದೇವತೆಗಳ ನಿದ್ದೆ ಕೆಡಿಸುವುದು ಖಂಡಿತ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಇವರು ಮದುವೆ ಊಟಕ್ಕೆ ಕೂತರೆ, ಬಡಿಸುವವರು ಪಲ್ಯ ಮುಗಿಸಿ ಅನ್ನಕ್ಕೆ ಬರುವಷ್ಟರಲ್ಲಿ ಕೈ ತೊಳೆದುಕೊಂಡಿರುತ್ತಾರೆ. ಹೊಸಪೇಟೆ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಬಳಿಯೇ ನಿಲ್ಲುತ್ತಾರೆ. ಇಳಿಯುವುದು ತಡವಾಗಬಾರದಲ್ಲ!

ಒಮ್ಮೆ ಸಂಡೂರಿನ ಬೀಗರಿಗೆ ಹಂಪಿ ತೋರಿಸುವ ಕೆಲಸ ಇವರ ಪಾಲಿಗೆ ಬಂತು. ಬೀಗರು ಸಾಸಿವೆಕಾಳು ಗಣಪನ ಮುಂದೆ ಬೆರಗಾಗಿ ನಿಂತರು.

"ನಡೀರ್ರಿ, ನಡೀರ್ರಿ. ಗಣಪ್ಪ ಕುಂತಾನ, ಅವ ಎಲ್ಲಿಗೂ ಹೋಗಂಗಿಲ್ಲ. ನಾವ್ ಹೋಗ್ಬೇಕು."

ಕಟ್ಟಲು ತಲೆಮಾರುಗಳೇ ಬೇಕಾದ ರಾಜಧಾನಿಯನ್ನು ದೊಡ್ಡಪ್ಪ ಮಧ್ಯಾಹ್ನದ ಊಟಕ್ಕೆ ಮೊದಲೇ ತೋರಿಸಿ ಮುಗಿಸಿದ್ದರು. ಬೀಗರು ಮತ್ತೆಂದೂ ಹಂಪಿಯ ಹೆಸರೆತ್ತಲಿಲ್ಲ.

ಇಂಥವರನ್ನು ಹೋದ ವರ್ಷ ದೊಡ್ಡಮ್ಮ ಹಟ ಹಿಡಿದು ನೇಪಾಳದ ಪಶುಪತಿನಾಥನ ದರ್ಶನಕ್ಕೆ ಹೊರಡಿಸಿದರು. ಜೊತೆಗೆ ನಾನು. ದೇವರ ಮುಂದೆ ದೊಡ್ಡಮ್ಮ ಕಣ್ಣು ಮುಚ್ಚಿದ್ದೇ ತಡ, ಹಿಂದಿನಿಂದ ದನಿ ಬಂತು:

"ಆತೇನು? ಎಷ್ಟ್ ಬೇಡ್ಕಂತಿ ಅವನ್ನ? ಹಿಂದ ಭಾಳ ಮಂದಿ ಅದಾರ."

ಆ ಪ್ರವಾಸದಲ್ಲಿ ದೊಡ್ಡಮ್ಮ ನೆಟ್ಟಗೆ ಕಂಡದ್ದು ಮುಂದೆ ಮುಂದೆ ಓಡುವ ಗಂಡನ ಬೆನ್ನನ್ನು ಮಾತ್ರ.

ವಾಪಸು ಬರುವಾಗ ಕಠ್ಮಂಡುವಿನಿಂದ ಗಡಿಯವರೆಗೆ ಬಸ್ಸು, ಅಲ್ಲಿಂದ ಮುಂದೆ ರೈಲು. ತ್ರಿಶೂಲಿ ನದಿಯ ಪಕ್ಕದ ತಿರುವುಗಳಲ್ಲಿ ತೆವಳುತ್ತಿದ್ದ ಬಸ್ಸು ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಮುಂದೆ ಲಾರಿ, ಬಸ್ಸುಗಳ ಉದ್ದನೆಯ ಸಾಲು. ನಮ್ಮ ಡ್ರೈವರ್ ಎಂಜಿನ್ ಆರಿಸಿ, ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ.

"ಯಾಕ ನಿಂತಾನ?"

"ಮುಂದ ಗುಡ್ಡ ಕುಸಿದೈತಿ, ದೊಡ್ಡಪ್ಪಾ."

"ಯಾರ್ನ ಕೇಳಿ ಕುಸೀತು?"



ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ, ಸಾಲಿನ ತುದಿಯವರೆಗೂ ನಡೆದರು. ಅಲ್ಲೊಂದು ಜೆಸಿಬಿ ಮಣ್ಣು ಬಾಚುತ್ತಿತ್ತು. ಸಂಡೂರಿನ ಗಣಿಗಳಲ್ಲಿ ಇಂಥ ಯಂತ್ರಗಳನ್ನು ರಸ್ತೆಯಿಂದಲೇ ನೋಡಿ ನೋಡಿ ಪಳಗಿದ್ದ ಇವರು ಅಚ್ಚ ಕನ್ನಡದಲ್ಲಿ ಕೂಗತೊಡಗಿದರು: "ಎಡಕ್ಕ ತಗಾ! ಎತ್ತು! ಹಾಂ, ಇನ್ನ ಎತ್ತು!" ಯಂತ್ರದವನು ಇದು ಹಿರಿಯರ ಆಶೀರ್ವಾದವೆಂದು ತಿಳಿದು, ಕೆಲಸ ನಿಲ್ಲಿಸಿ ಕೈ ಮುಗಿದ. ಅಷ್ಟರಲ್ಲಿ ಮೇಲಿನಿಂದ ಇನ್ನಷ್ಟು ಮಣ್ಣು ಬಿತ್ತು.

"ಇಲ್ಲಿ ಗುಡ್ಡಕ್ಕ ಶಿಸ್ತಿಲ್ಲ" ಎಂದು ತೀರ್ಪು ಕೊಟ್ಟು ದೊಡ್ಡಪ್ಪ ಹಿಂತಿರುಗಿದರು. ಡ್ರೈವರನ್ನು ಎಬ್ಬಿಸಿ, ಇದ್ದಬದ್ದ ಹಿಂದಿಯನ್ನೆಲ್ಲ ಒಟ್ಟುಗೂಡಿಸಿ, ಹೊರಡುವುದು ಯಾವಾಗ ಎಂದು ಕೇಳಿದರು: "ಸಾಬ್, ಕಬ್ ಜಾತಾ?"

ಅವನು ಟವೆಲ್ ಸರಿಸಿ, "ರಾಸ್ತಾ ಖುಲೇಗಾ, ತಬ್", ದಾರಿ ತೆರೆದಾಗ, ಎಂದಷ್ಟೇ ಹೇಳಿ ಮತ್ತೆ ಮುಚ್ಚಿಕೊಂಡ. ತಮ್ಮಿಂದ ಓಡಿಸಲಾಗದ ಮನುಷ್ಯನನ್ನು ದೊಡ್ಡಪ್ಪ ಜೀವನದಲ್ಲಿ ಮೊದಲ ಬಾರಿ ಕಂಡಿದ್ದರು!

ಹೊತ್ತು ಇಳಿಯಿತು. ರೈಲು ತಪ್ಪುವ ಭಯ ಈಗ ನನ್ನನ್ನು ಹಿಡಿಯಿತು. ಕೊನೆಗೂ ಸಾಲು ಅಲುಗಾಡಿತು. ಡ್ರೈವರ್ ಎದ್ದು ಹಾರ್ನ್ ಹೊಡೆದ. ನೋಡಿದರೆ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೂ ಬಸ್ಸಿನಲ್ಲಿಲ್ಲ.

ರಸ್ತೆ ಬದಿಯಲ್ಲಿದ್ದ ಚಹಾದಂಗಡಿಯೊಂದರ ಹಿಂದಿನ ಕಾಲುದಾರಿಯಲ್ಲಿ ಅವರನ್ನು ಹುಡುಕುತ್ತ ಓಡಿದೆ. ಬಂಡೆ ಸಂದಿನಿಂದ ಸಣ್ಣ ತೊರೆಯೊಂದು ನದಿಗೆ ಇಳಿಯುತ್ತಿತ್ತು. ದೊಡ್ಡಮ್ಮ ಕಲ್ಲಿನ ಮೇಲೆ ಕೂತು, ಬಾತುಕೊಂಡ ಪಾದಗಳನ್ನು ನೀರಿನಲ್ಲಿ ಇಳಿಬಿಟ್ಟಿದ್ದರು. ಸಂಡೂರಿನ ತವರಿನಲ್ಲಿ ಹುಡುಗಿಯಾಗಿದ್ದಾಗ ಹಳ್ಳದಲ್ಲಿ ಆಡುತ್ತಿದ್ದ ಕಥೆ ಹೇಳುತ್ತಿದ್ದರು, ನಗುತ್ತಿದ್ದರು. ಪಕ್ಕದಲ್ಲಿ ದೊಡ್ಡಪ್ಪ, ಆಕೆಯ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಸುಮ್ಮನೆ ಕೇಳುತ್ತಿದ್ದರು.

"ದಾರಿ ಬಿಟ್ಟೈತಿ, ಜಲ್ದಿ ಬರ್ರಿ!" ಎಂದು ಕೂಗಿದೆ.

ದೊಡ್ಡಮ್ಮ ಏಳಲು ಹೋದರು. ದೊಡ್ಡಪ್ಪ ಹೆಗಲು ಒತ್ತಿ ಕೂರಿಸಿ, ನನ್ನ ಬಳಿ ಬಂದು ಪಿಸುಗುಟ್ಟಿದರು:

"ಲೇ ತಮ್ಮಾ, ನನಗ ಹೊಟ್ಟಿ ಕೆಟ್ಟೈತಿ ಅಂತ ಹೇಳು ಡ್ರೈವರಿಗೆ."

"ಏನಾತು ದೊಡ್ಡಪ್ಪಾ?"

"ಏನೂ ಆಗಿಲ್ಲ. ಗಿರಣಿ ಸಪ್ಪಳದಾಗ ಆಕಿ ಮಾತು ನಾ ಎಂದೂ ನೆಟ್ಟಗ ಕೇಳಿದ್ದಿಲ್ಲ. ಆಕಿ ಹೇಳಿ ಮುಗಸ್ಲಿ."

"ಮತ್ತ ರೈಲು?"

"ಇನ್ನೊಂದು ಬರ್ತೈತಿ, ಹೋಗು."

ಹೋಗಿ ಹೇಳಿದೆ. ಡ್ರೈವರ್ ಬಸ್ಸನ್ನು ಬದಿಗೆ ಸರಿಸಿ ಮತ್ತೆ ಎಂಜಿನ್ ಆರಿಸಿದ. ಬಸ್ಸಿನವರೆಲ್ಲ ಕಿಟಕಿಯಿಂದ ಇಣುಕಿ, ಅಯ್ಯೋ ಪಾಪ ಎಂಬಂತೆ ನೋಡಿದರು. ಕೆಳಗೆ ದೊಡ್ಡಪ್ಪ ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು, ಇನ್ನೊಂದರಲ್ಲಿ ಹೆಂಡತಿಯ ಚಪ್ಪಲಿ ಹಿಡಿದುಕೊಂಡು, ಮತ್ತೆ ಆಕೆಯ ಪಕ್ಕ ಕೂರುತ್ತಿದ್ದರು.